ಪೊದೆಯೊಳಗಿನ ಹಕ್ಕಿ ಮತ್ತು ಕ್ಯಾಮೆರಾದ ಲೆಕ್ಕ

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವಿದೆ. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದಾಗ ಸುತ್ತಲಿನ ಊರುಗಳಿಂದ ಜನ ನೋಡಲು ಬರುತ್ತಾರೆ. ಜನರಿಗಿಂತ ಮೊದಲೇ ಹಕ್ಕಿಗಳು ಬಂದಿರುತ್ತವೆ. ನೀರಿನಂಚಿನಲ್ಲಿ ಬೆಳ್ಳಕ್ಕಿ, ನೀರುಕಾಗೆ, ಬಿಳಿ ಕೆಂಬರಲು; ದಡದ ಲಂಟಾನ ಪೊದೆಗಳಲ್ಲಿ ಪಿಕಳಾರ, ಹರಟೆಮಲ್ಲ, ಎಲೆಗಳನ್ನು ಹೊಲಿದು ಗೂಡು ಕಟ್ಟುವ ಟುವ್ವಿ ಹಕ್ಕಿ.

ಒಂದು ಮೋಡದ ಮುಂಜಾನೆ ಅಲ್ಲಿ ನನಗೆ ಪರಿಚಿತ ಮುಖವೊಂದು ಎದುರಾಯಿತು. ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದವರು, ಈಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರು. ಕೊರಳಲ್ಲಿ ಹೊಸ ಕ್ಯಾಮೆರಾ, ಅದಕ್ಕೆ 70–300 ಮಿ.ಮೀ. ಜೂಮ್ ಮಸೂರ. "ಸಾರ್, ಬೆಳಗ್ಗೆಯಿಂದ ಇನ್ನೂರು ಹೊಡೆದೆ. ಒಂದೂ ಸರಿ ಬಂದಿಲ್ಲ. ಹಕ್ಕಿಗೆ ಯಾವ ಸೆಟ್ಟಿಂಗ್ ಇಡಬೇಕು, ಅದೊಂದು ಹೇಳಿಬಿಡಿ" ಎಂದರು. ಅವರ ಜೇಬಿನಲ್ಲಿ ಒಂದು ಚೀಟಿ ಇತ್ತು. ಗೆಳೆಯರೊಬ್ಬರು ಬರೆದುಕೊಟ್ಟದ್ದು: ಎಫ್/8, ಐಎಸ್‌ಓ 400, ಶಟರ್ ವೇಗವನ್ನು ಕ್ಯಾಮೆರಾಕ್ಕೇ ಬಿಡಿ.

ಕ್ಯಾಮೆರಾದ ಪರದೆಯ ಮೇಲೆ ಅವರು ತೋರಿಸಿದ ಮೂರು ಚಿತ್ರಗಳು ಈಗಲೂ ನೆನಪಿವೆ. ಮೊದಲನೆಯದರಲ್ಲಿ ಕೆಂಬರಲು ಹಕ್ಕಿ ಕತ್ತರಿಸಿ ಅಂಟಿಸಿದ ಬಿಳಿ ಕಾಗದದಂತಿತ್ತು. ಒಂದು ಗರಿಯೂ ಕಾಣಿಸುತ್ತಿರಲಿಲ್ಲ. ಎರಡನೆಯದರಲ್ಲಿ ಒಣಗಿದ ಕೊಂಬೆಯ ಮೇಲಿನ ನೀರುಕಾಗೆ ಬರೀ ಮಸಿ. ಮೂರನೆಯದು ಪೊದೆಯೊಳಗಿನ ಟುವ್ವಿ ಎಂದು ಅವರೇ ಹೇಳಬೇಕಾಯಿತು. ಹಸಿರು ಗೆರೆಗಳ ನಡುವೆ ಕಂದು ಗೆರೆ, ಅಷ್ಟೆ. ಒಂದೇ ಚೀಟಿ, ಮೂರು ಬಗೆಯ ಸೋಲು. ಯಾವುದು ಏಕೆ ಕೆಟ್ಟಿತು ಎಂದು ವಿಚಾರಿಸುತ್ತ ಹೋದರೆ ಹಕ್ಕಿ ಛಾಯಾಗ್ರಹಣದ ಭೌತವಿಜ್ಞಾನವೆಲ್ಲ ಅದರಲ್ಲೇ ಸಿಗುತ್ತದೆ.

ಮಾಪಕಕ್ಕೆ ಬಣ್ಣ ತಿಳಿಯದು

ಮೊದಲ ಎರಡು ಚಿತ್ರಗಳ ಕಾರಣ ಒಂದೇ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುವುದಿಲ್ಲ. ವಸ್ತುವಿನಿಂದ ಪ್ರತಿಫಲಿಸಿ ಮಸೂರದೊಳಗೆ ಬಂದದ್ದನ್ನು ಅಳೆಯುತ್ತದೆ. ಎದುರಿಗಿರುವುದು ಬೆಳ್ಳಗಿನ ವಸ್ತುವೋ ಹೆಚ್ಚು ಬೆಳಕಿನಲ್ಲಿರುವ ಬೂದುಬಣ್ಣದ ವಸ್ತುವೋ ಎಂದು ಅದಕ್ಕೆ ಗೊತ್ತಾಗುವ ದಾರಿಯಿಲ್ಲ. ಆದ್ದರಿಂದ ಅದನ್ನು ತಯಾರಿಸುವವರು ಒಂದು ಊಹೆಯನ್ನು ಅಳವಡಿಸಿರುತ್ತಾರೆ: ಎದುರಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಶೇಕಡ 18ರ ಸುಮಾರಿನಷ್ಟನ್ನು ಹಿಂದಿರುಗಿಸುವಂಥದು. ಇತ್ತೀಚಿನ ಕ್ಯಾಮೆರಾಗಳು ಚೌಕಟ್ಟನ್ನು ಹಲವು ಭಾಗ ಮಾಡಿ, ಹಕ್ಕಿಯನ್ನೂ ಗುರುತಿಸಿ, ಈ ಊಹೆಯನ್ನು ತಿದ್ದಿಕೊಳ್ಳಲು ನೋಡುತ್ತವೆ. ಆದರೂ ಬುಡದಲ್ಲಿರುವುದು ಊಹೆಯೇ.

ಕೆಂಬರಲು, ಅಂದರೆ ನಾವು ಐಬಿಸ್ ಎನ್ನುವ ಹಕ್ಕಿ, ತಲೆ ಮತ್ತು ಕತ್ತು ಬಿಟ್ಟರೆ ಮೈಯೆಲ್ಲ ಬಿಳಿ. ಶಿಕ್ಷಕರ ಚಿತ್ರದಲ್ಲಿ ಅದು ಚೌಕಟ್ಟಿನ ಒಂದು ಸಣ್ಣ ಭಾಗ; ಉಳಿದದ್ದು ಕಡುಹಸಿರು ಮರಗಳು. ಮಾಪಕ ಆ ಕಪ್ಪನ್ನು ಬೂದಾಗಿಸಲು ಶಟರ್ ಅನ್ನು ಹೆಚ್ಚು ಹೊತ್ತು ತೆರೆಯಿತು. ಮರಗಳು ಚೆನ್ನಾಗಿ ಬಂದವು, ಹಕ್ಕಿ ಸುಟ್ಟುಹೋಯಿತು. ಸಂವೇದಕದ ಪ್ರತಿ ಪಿಕ್ಸೆಲ್ಲನ್ನೂ ಒಂದು ಸಣ್ಣ ಕೊಡ ಎಂದುಕೊಳ್ಳಿ. ಕೊಡ ತುಂಬಿದ ಮೇಲೆ ಬಿದ್ದ ಬೆಳಕು ಲೆಕ್ಕಕ್ಕೆ ಬಾರದು. ಗರಿಯ ಅಂಚೂ ಗರಿಯ ನಡುವೂ ಎರಡೂ 'ತುಂಬಿದೆ' ಎಂದೇ ದಾಖಲಾದರೆ ಅವುಗಳ ನಡುವಿನ ವ್ಯತ್ಯಾಸವನ್ನು ಮತ್ತೆ ಯಾವ ಕಂಪ್ಯೂಟರ್ ತಂತ್ರಾಂಶವೂ ತಂದುಕೊಡಲಾರದು. ನೀರುಕಾಗೆಯದು ಇದರ ತಿರುಗುಮುರುಗು: ಹಿನ್ನೆಲೆಯಲ್ಲಿ ಹೊಳೆಯುವ ಮೋಡ, ಮಾಪಕ ಅದನ್ನು ಬೂದಾಗಿಸಲು ಬೆಳಕು ಕಡಿಮೆ ಮಾಡಿತು, ಹಕ್ಕಿ ಮಸಿಯಾಯಿತು.

ಕ್ಯಾಮೆರಾದ ಮೇಲೆ ಕೂಡು–ಕಳೆ ಗುರುತಿನ ಗುಂಡಿಯೊಂದಿರುತ್ತದೆ. ಕಡುಹಿನ್ನೆಲೆಯ ಬಿಳಿ ಹಕ್ಕಿಗೆ ಒಂದು ಮೆಟ್ಟಿಲು ಕಳೆಯಬೇಕು. ಬಿಳಿಯಾಕಾಶದ ಎದುರಿನ ಕರಿ ಹಕ್ಕಿಗೆ ಒಂದೂವರೆ ಮೆಟ್ಟಿಲಿನಷ್ಟು ಕೂಡಬೇಕು. ಒಂದು ಮೆಟ್ಟಿಲೆಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ. ಇಲ್ಲೊಂದು ತಮಾಷೆ ಇದೆ. ಅದೇ ಬಿಳಿ ಹಕ್ಕಿ ಹತ್ತಿರ ಬಂದು ಚೌಕಟ್ಟನ್ನು ತುಂಬಿಬಿಟ್ಟರೆ ಮಾಪಕ ಈಗ ಬಿಳಿಯನ್ನು ಬೂದಾಗಿಸಲು ಹೊರಡುತ್ತದೆ. ಆಗ ಕಳೆಯುವುದಲ್ಲ, ಕೂಡಬೇಕು. 'ಬಿಳಿ ಹಕ್ಕಿಗೆ ಕಳೆ' ಎಂಬ ಚೀಟಿಯೂ ಹೀಗೆ ಕೈಕೊಡುತ್ತದೆ.

ಇದಕ್ಕಿಂತ ನೇರವಾದ ದಾರಿಯೊಂದಿದೆ, ನಾನು ಅದನ್ನೇ ಇಷ್ಟಪಡುತ್ತೇನೆ. ಕೆಂಬರಲಿನ ಮೇಲೂ ನೀರುಕಾಗೆಯ ಮೇಲೂ ಬೀಳುತ್ತಿರುವುದು ಒಂದೇ ಆಕಾಶದ ಬೆಳಕು. ಬಿದ್ದ ಬೆಳಕು ಒಂದೇ ಆದರೆ ಸರಿಯಾದ ಸೆಟ್ಟಿಂಗ್ ಕೂಡ ಬಹುಮಟ್ಟಿಗೆ ಒಂದೇ. ಅದೇ ಬೆಳಕಿನಲ್ಲಿರುವ ಹುಲ್ಲಿನ ಮೇಲೆ ಅಳತೆ ತೆಗೆದುಕೊಂಡು, ಕ್ಯಾಮೆರಾವನ್ನು ಮ್ಯಾನ್ಯುಯಲ್‌ನಲ್ಲಿಟ್ಟು, ಒಮ್ಮೆ ಬಿಳಿ ಹಕ್ಕಿಯ ಚಿತ್ರ ತೆಗೆದು ಗರಿ ಉಳಿದಿದೆಯೇ ಎಂದು ನೋಡಿಕೊಂಡರೆ, ಮೋಡ ಸರಿಯುವವರೆಗೆ ಹಿನ್ನೆಲೆ ಏನೇ ಬದಲಾಗಲಿ, ಅದನ್ನು ಮುಟ್ಟಬೇಕಾಗಿಲ್ಲ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮಳೆಗಾಲದಲ್ಲಿ ನೀರಿನೊಳಗೆ ನಿಂತ ಮರಗಳ ಮೇಲೆ ಕೆಂಬರಲುಗಳೂ ನೀರುಕಾಗೆಗಳೂ ಅಕ್ಕಪಕ್ಕದಲ್ಲೇ ಗೂಡು ಮಾಡಿರುತ್ತವೆ.

ಬೆಳಕಿನ ಬಡತನ

ಮೂರನೆಯ ಚಿತ್ರದ ಕಷ್ಟವೇ ಬೇರೆ. ಅಲ್ಲಿ ಮಾಪಕ ಸರಿಯಾಗಿಯೇ ಅಳೆದಿತ್ತು. ಇದ್ದದ್ದೇ ಅಷ್ಟು ಬೆಳಕು.

ಫಿಲ್ಮ್ ಕಾಲದವರಿಗೆ ಗೊತ್ತಿದ್ದ ಒಂದು ಸ್ಥೂಲ ನಿಯಮದಿಂದ ಹೊರಡೋಣ. ಬಿರುಬಿಸಿಲಿನಲ್ಲಿ, ಐಎಸ್‌ಓ 100ರಲ್ಲಿ, ಎಫ್/16ಕ್ಕೆ 1/100 ಸೆಕೆಂಡು. ಎಫ್ ಸಂಖ್ಯೆ ಎಂದರೆ ಮಸೂರದ ಸಂಗಮದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ; ಬೆಳಕು ಅದರ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಎಫ್/16ರಿಂದ ಎಫ್/5.6ಕ್ಕೆ ಬಂದರೆ ಬೆಳಕು ಎಂಟು ಪಟ್ಟು. ಹಾಗಾಗಿ ಬಿಸಿಲಿನಲ್ಲಿ ಎಫ್/5.6ಕ್ಕೆ 1/800 ಸೆಕೆಂಡು ಸಾಕು. ಬಿರುಬಿಸಿಲೆಂದರೆ ಸುಮಾರು 1 ಲಕ್ಷ ಲಕ್ಸ್. ಮೋಡ ಕವಿದ ಬಯಲಿನಲ್ಲಿ ಅದು 10,000ಕ್ಕೆ ಇಳಿಯುತ್ತದೆ. ಅದೇ ಮೋಡದ ಕೆಳಗೆ, ಮರದ ನೆರಳಿನಲ್ಲಿ, ಪೊದೆಯ ಒಳಗೆ 400 ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣಿನ ಪಾಪೆ ಹಿಗ್ಗಿ, ಮಿದುಳೂ ಹೊಂದಿಕೊಂಡು, ಈ ಇಳಿತವನ್ನು ನಮಗೆ ತಿಳಿಯಗೊಡುವುದಿಲ್ಲ. ಸಂವೇದಕಕ್ಕೆ ಅಂಥ ಔದಾರ್ಯವಿಲ್ಲ. ಬಿಸಿಲಿಗಿಂತ 250 ಪಟ್ಟು ಕಡಿಮೆ ಬೆಳಕೆಂದರೆ 250 ಪಟ್ಟು ಹೆಚ್ಚು ಹೊತ್ತು: ಎಫ್/5.6, ಐಎಸ್‌ಓ 100ರಲ್ಲಿ ಸುಮಾರು 1/3 ಸೆಕೆಂಡು. ಚೀಟಿಯಲ್ಲಿದ್ದ ಎಫ್/8, ಐಎಸ್‌ಓ 400ರಲ್ಲಿ 1/6 ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತು ಟುವ್ವಿ ಕುಳಿತಿದ್ದರೂ ಕೈ ಕುಳಿತಿರುವುದಿಲ್ಲ.

ಕೈನಡುಕಕ್ಕೂ ಒಂದು ರೂಢಿಯ ಲೆಕ್ಕವಿದೆ. ಸಂಗಮದೂರ 300 ಮಿ.ಮೀ. ಇದ್ದರೆ 1/300 ಸೆಕೆಂಡಿಗಿಂತ ನಿಧಾನ ಬೇಡ. ಸಂವೇದಕ ಚಿಕ್ಕದಾದ ಕ್ಯಾಮೆರಾಗಳಲ್ಲಿ 1/500 ಇರಲಿ. ಕೋನದ ಒಂದು ಸಣ್ಣ ಅಲುಗಾಟ ಬಿಂಬದಲ್ಲಿ ಉಂಟುಮಾಡುವ ಜರುಗುವಿಕೆ ಸಂಗಮದೂರಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. 1/3ರಿಂದ 1/500ಕ್ಕೆ ಹೋಗಬೇಕೆಂದರೆ ಐಎಸ್‌ಓ 100ನ್ನು 160 ಪಟ್ಟು ಏರಿಸಿ 16,000 ಮಾಡಬೇಕು. ಮಸೂರವನ್ನು ಮರಳಿನ ಚೀಲದ ಮೇಲಿಟ್ಟು, ಅದರೊಳಗಿನ ಕಂಪನ ನಿವಾರಕವನ್ನು ಚಾಲೂ ಮಾಡಿ, 1/125ರಲ್ಲಿ ತೆಗೆಯುವ ಧೈರ್ಯ ಮಾಡಿದರೆ 4,000 ಸಾಕು. ಮರಳಿಗೆ ಬದಲು ಅಕ್ಕಿಯೂ ಆಗುತ್ತದೆ.

ಹಾರುವ ಹಕ್ಕಿಯದು ಇನ್ನೂ ಬಿಗಿಯಾದ ಲೆಕ್ಕ. 30 ಮೀಟರ್ ದೂರದಲ್ಲಿ ಕೆಂಬರಲು ಸೆಕೆಂಡಿಗೆ 10 ಮೀಟರಿನಂತೆ ಅಡ್ಡ ಹಾರುತ್ತಿದೆ ಎನ್ನಿ. 300 ಮಿ.ಮೀ. ಮಸೂರದಲ್ಲಿ ಬಿಂಬ ನೂರನೆಯ ಒಂದು ಭಾಗಕ್ಕೆ ಕುಗ್ಗುವುದರಿಂದ ಅದರ ವೇಗ ಸೆಕೆಂಡಿಗೆ 100 ಮಿ.ಮೀ. 1/1000 ಸೆಕೆಂಡಿನಲ್ಲೂ ಅದು 0.1 ಮಿ.ಮೀ. ಸರಿಯುತ್ತದೆ. ಪಿಕ್ಸೆಲ್ಲಿನ ಅಗಲ 4 ಮೈಕ್ರೊಮೀಟರ್ ಆದರೆ ಇದು 25 ಪಿಕ್ಸೆಲ್! ಬರೀ ವೇಗದ ಶಟರಿನಿಂದ ಈ ಮಸುಕು ಹೋಗುವುದಿಲ್ಲ. ಹಕ್ಕಿಯ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವುದನ್ನು ಕಲಿಯಬೇಕು. ಶಟರ್ ವೇಗ ರೆಕ್ಕೆಯ ತುದಿಗೆ, ತಿರುಗಿಸುವುದು ಮೈಗೆ.

ಶಿಕ್ಷಕರು ಐಎಸ್‌ಓ 4,000 ಎಂದಕೂಡಲೇ ಹೌಹಾರಿದರು. "ಅಷ್ಟು ಏರಿಸಿದರೆ ಚಿತ್ರವೆಲ್ಲ ಕಾಳುಕಾಳಾಗುತ್ತದಲ್ಲ ಸಾರ್?" ಇದು ಬಹು ಪ್ರಚಲಿತವಾದ ನಂಬಿಕೆ, ಅರ್ಧ ಮಾತ್ರ ನಿಜ. ಐಎಸ್‌ಓ ಏರಿಸಿದರೆ ಸಂವೇದಕದ ಮೇಲೆ ಬೀಳುವ ಬೆಳಕು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಬಿದ್ದ ಬೆಳಕಿನಿಂದ ಹುಟ್ಟಿದ ವಿದ್ಯುತ್ ಸಂಕೇತವನ್ನು ಹಿಗ್ಗಿಸುವುದಷ್ಟೇ ಅದರ ಕೆಲಸ. ಕಾಳು ಬರುವುದು ಬೆಳಕಿನ ಕೊರತೆಯಿಂದ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಅಂಗಳದಲ್ಲಿ ನೂರು ಲೋಟ ಸಾಲಾಗಿ ಇಡಿ. ಆಷಾಢದ ಮಳೆ ಒಂದು ಗಂಟೆ ಸುರಿದರೆ ಎಲ್ಲ ಲೋಟಗಳಲ್ಲೂ ನೀರು ಹೆಚ್ಚುಕಡಿಮೆ ಸಮ. ತುಂತುರು ಒಂದು ನಿಮಿಷ ಬಂದು ನಿಂತರೆ ಒಂದರಲ್ಲಿ ಐದು ಹನಿ, ಪಕ್ಕದ್ದರಲ್ಲಿ ಎರಡು, ಇನ್ನೊಂದರಲ್ಲಿ ಒಂಬತ್ತು. ಮೇಲಿನಿಂದ ಬೀಳುವುದು ಎಲ್ಲಕ್ಕೂ ಒಂದೇ ಮಳೆಯಾದರೂ ಎಣಿಕೆ ಮಾತ್ರ ಏರುಪೇರು. ಬೆಳಕೂ ಫೋಟಾನುಗಳೆಂಬ ಹನಿಗಳಾಗಿಯೇ ಬೀಳುವುದರಿಂದ ಅದಕ್ಕೂ ಇದೇ ನಿಯಮ. ಸರಾಸರಿ ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜ. ಒಂದು ಪಿಕ್ಸೆಲ್ಲಿಗೆ 10,000 ಫೋಟಾನು ದಕ್ಕಿದರೆ ಏರುಪೇರು 100, ಅಂದರೆ ಶೇಕಡ 1, ಕಣ್ಣಿಗೆ ತಿಳಿಯದು. 100 ಮಾತ್ರ ದಕ್ಕಿದರೆ ಏರುಪೇರು 10, ಅಂದರೆ ಶೇಕಡ 10. ಚಿತ್ರದ ತುಂಬ ರವೆ ಚೆಲ್ಲಿದಂತೆ. ಐಎಸ್‌ಓವನ್ನು 400ರಲ್ಲೇ ಇಟ್ಟು, ಕಪ್ಪಾಗಿ ಬಂದ ಚಿತ್ರವನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿದರೂ ಎಣಿಕೆ ಬದಲಾಗದು, ರವೆ ಹೋಗದು. ಕಾಳು ಬಂದ ಚಿತ್ರವನ್ನು ಈಗಿನ ತಂತ್ರಾಂಶಗಳು ತಕ್ಕಮಟ್ಟಿಗೆ ನಯಗೊಳಿಸುತ್ತವೆ. ಅಲುಗಿದ ಚಿತ್ರವನ್ನು ಅಷ್ಟು ಸುಲಭವಾಗಿ ಸರಿಪಡಿಸಲಾಗದು. ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಪೊದೆಯೊಳಗೆ ದ್ಯುತಿರಂಧ್ರ ಪೂರ್ತಿ ತೆರೆದಿರಲಿ, ಶಟರ್ ವೇಗವನ್ನು ಮೊದಲು ನಿರ್ಧರಿಸಿ, ಐಎಸ್‌ಓ ಎಲ್ಲಿಗೆ ಹೋಗುತ್ತದೋ ಹೋಗಲಿ.

ಎಲ್ಲಕ್ಕಿಂತ ದೊಡ್ಡ ಸೆಟ್ಟಿಂಗ್

ಹಾಗಾದರೆ ಹೆಚ್ಚು ಫೋಟಾನು ಸಂಪಾದಿಸುವುದು ಹೇಗೆ? ಹಣವಿದ್ದವರು ಎಫ್/2.8 ಮಸೂರ ಕೊಳ್ಳುತ್ತಾರೆ. 300 ಮಿ.ಮೀ. ಸಂಗಮದೂರಕ್ಕೆ ಎಫ್/5.6 ಎಂದರೆ ದ್ಯುತಿರಂಧ್ರದ ವ್ಯಾಸ 54 ಮಿ.ಮೀ.; ಎಫ್/2.8 ಎಂದರೆ 107. ವ್ಯಾಸ ಇಮ್ಮಡಿ, ಬೆಳಕು ನಾಲ್ಮಡಿ. ಬೆಲೆ ಮಾತ್ರ ಲಕ್ಷಗಳಲ್ಲಿ, ತೂಕ ಕಿಲೋಗಳಲ್ಲಿ.

ಇನ್ನೊಂದು ದಾರಿ ದೂರವನ್ನು ಅರ್ಧ ಮಾಡುವುದು. ಬಿಂಬದ ಉದ್ದವೆಂದರೆ, ಸ್ಥೂಲವಾಗಿ, ಹಕ್ಕಿಯ ಉದ್ದವನ್ನು ಸಂಗಮದೂರದಿಂದ ಗುಣಿಸಿ ದೂರದಿಂದ ಭಾಗಿಸಿದಷ್ಟು. 13 ಸೆಂ.ಮೀ. ಉದ್ದದ ಟುವ್ವಿ 12 ಮೀಟರ್ ದೂರದಲ್ಲಿದ್ದರೆ ಸಂವೇದಕದ ಮೇಲೆ ಅದರ ಬಿಂಬ 3.25 ಮಿ.ಮೀ. 6 ಮೀಟರಿಗೆ ಬಂದರೆ 6.5 ಮಿ.ಮೀ. ಉದ್ದ ಇಮ್ಮಡಿಯಾಯಿತು, ಬಿಂಬದ ವಿಸ್ತೀರ್ಣ ನಾಲ್ಮಡಿಯಾಯಿತು. ಪ್ರತಿ ಪಿಕ್ಸೆಲ್ಲಿಗೂ ಮೊದಲಿನಷ್ಟೇ ಬೆಳಕು ಬೀಳುವುದರಿಂದ ಸೆಟ್ಟಿಂಗ್ ಏನೂ ಬದಲಾಗದು. ಆದರೆ ಹಕ್ಕಿಯನ್ನು ರೂಪಿಸುವ ಒಟ್ಟು ಫೋಟಾನುಗಳು ನಾಲ್ಕು ಪಟ್ಟು. ಎರಡು ಚಿತ್ರಗಳಲ್ಲೂ ಹಕ್ಕಿ ಒಂದೇ ಗಾತ್ರ ಕಾಣುವಂತೆ ಮುದ್ರಿಸಿದರೆ ಹತ್ತಿರದ್ದರಲ್ಲಿ ಕಾಳು ಅರ್ಧಕ್ಕೆ ಇಳಿದಿರುತ್ತದೆ. ಲಕ್ಷಗಟ್ಟಲೆ ಕೊಟ್ಟು ಕೊಂಡ ಎಫ್/2.8 ಮಸೂರ ಕೊಡುವುದೂ ಇದೇ ನಾಲ್ಮಡಿ ಬೆಳಕನ್ನು. ಆರು ಮೀಟರ್ ಹತ್ತಿರವಾಗುವುದಕ್ಕೆ ತಗಲುವ ಖರ್ಚು ಒಂದು ಕಂಬಳಿಕೊಪ್ಪೆ ಮತ್ತು ಎರಡು ಗಂಟೆ.

ದೂರ ಕಡಿಮೆಯಾದರೆ ಗಾಳಿಯ ಕಾಟವೂ ಕಡಿಮೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯ ಸಾಂದ್ರತೆ, ಅದರೊಂದಿಗೆ ವಕ್ರೀಭವನ ಸೂಚ್ಯಂಕ, ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ನೂರು ಮೀಟರ್ ಆಚೆಯ ಹಕ್ಕಿಯನ್ನು ಎಷ್ಟು ದೊಡ್ಡ ಮಸೂರದಿಂದ ಹಿಡಿದರೂ ಅದು ನೀರಿನೊಳಗಿದ್ದಂತೆ ಕಲಕಿ ಕಾಣುತ್ತದೆ. ಇದನ್ನು ಮಸೂರದ ದೋಷವೆಂದು ಅಂಗಡಿಗೆ ಹಿಂತಿರುಗಿಸಿದವರನ್ನು ಬಲ್ಲೆ. ಹತ್ತಿರ ಬಂದಾಗ ತೆರಬೇಕಾದ ಬೆಲೆಯೂ ಒಂದಿದೆ. 300 ಮಿ.ಮೀ., ಎಫ್/5.6, ದೂರ 6 ಮೀಟರ್ ಆದರೆ ಸ್ಪಷ್ಟವಾಗಿ ಕಾಣುವ ಆಳ ಕೇವಲ 9 ಸೆಂ.ಮೀ. ಕೇಂದ್ರೀಕರಣ ಹಕ್ಕಿಯ ಕಣ್ಣಿನ ಮೇಲೇ ಇರಬೇಕು. ಮುಂದಿನ ಎಲೆಯನ್ನು ಹಿಡಿದರೆ ಹಕ್ಕಿ ಹೋಯಿತು. ಪೊದೆಯಲ್ಲಿ ಒಂದೇ ಚುಕ್ಕೆಯ ಕೇಂದ್ರೀಕರಣವನ್ನು ಆರಿಸಿಕೊಳ್ಳುವುದು ಇದಕ್ಕಾಗಿ.

ಹತ್ತಿರ ಹೋಗುವುದೆಂದರೆ ಹಕ್ಕಿಯ ಕಡೆಗೆ ನಡೆದುಹೋಗುವುದಲ್ಲ. ಹಕ್ಕಿ ದಿನವೂ ಬರುವ ನೀರಿನ ಗುಂಡಿ, ಹಣ್ಣಾದ ಮರ, ಅದು ಇಷ್ಟಪಡುವ ಕೊಂಬೆ ಇವನ್ನು ಗುರುತಿಸಿ, ಅದು ಬರುವ ಮೊದಲೇ ಹೋಗಿ ಅಲುಗದೆ ಕುಳಿತಿರುವುದು. ಹಕ್ಕಿ ತಾನಾಗಿ ಬಂದು ದೂರವನ್ನು ಅರ್ಧ ಮಾಡಬೇಕು.

ಹಕ್ಕಿ ತಪ್ಪದೆ ಬಂದೇ ಬರುವ ಇನ್ನೊಂದು ಜಾಗವಿದೆ: ಗೂಡು. ಫಿಲ್ಮ್ ಕಾಲದ ಬಣ್ಣದ ಫಿಲ್ಮುಗಳು ಐಎಸ್‌ಓ 64, 100 ಇರುತ್ತಿದ್ದವು. ಮೇಲಿನ 400 ಲಕ್ಸಿನ ಪೊದೆಯಲ್ಲಿ ಅವಕ್ಕೆ 1/3ರಿಂದ 1/2 ಸೆಕೆಂಡು ಬೇಕು. ಐಎಸ್‌ಓ ಏರಿಸುವ ಗುಂಡಿ ಇರಲಿಲ್ಲ. ಹಾಕಿದ ಸುರುಳಿ ಮುಗಿಯುವವರೆಗೆ ಅದೇ. ಓ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಅಂಥ ಫಿಲ್ಮಿನ ಶಿಸ್ತಿನಲ್ಲಿ ಪಳಗಿದವರು. ಜಗತ್ತಿನಾದ್ಯಂತ ಆ ಕಾಲದ ಹಕ್ಕಿ ಚಿತ್ರಗಳಲ್ಲಿ ಗೂಡಿನ ಚಿತ್ರಗಳು ಅಷ್ಟೊಂದು ಇರುವುದಕ್ಕೆ ಭೌತವಿಜ್ಞಾನದ ಕಾರಣವೂ ಇದೆ. ಹಕ್ಕಿ ಬರುವ ಬಿಂದು ಮೊದಲೇ ಗೊತ್ತಿದ್ದರೆ ಅಲ್ಲಿಗೆ ಕೇಂದ್ರೀಕರಿಸಿ, ಫ್ಲ್ಯಾಷ್ ನಿಲ್ಲಿಸಿ, ಮರೆಯಲ್ಲಿ ಕಾಯಬಹುದಿತ್ತು.

ನಾನೂ ಕಾದಿದ್ದೇನೆ. ಎಂಬತ್ತರ ದಶಕದ ಕೊನೆಯಲ್ಲಿ, ಹುಡುಗನಾಗಿದ್ದಾಗ, ಎರವಲು ತಂದ ಕ್ಯಾಮೆರಾದಲ್ಲಿ ಪಿಕಳಾರದ ಗೂಡೊಂದರ ಚಿತ್ರ ತೆಗೆಯಲು ಹೋಗಿ, ಅಡ್ಡವಿದ್ದ ಎಲೆಗಳಿಂದಾಗಿ ಬೆಳಕು ಸಾಲದೆ ಎರಡು ರೆಂಬೆಗಳನ್ನು ಹಗ್ಗದಿಂದ ಪಕ್ಕಕ್ಕೆ ಎಳೆದು ಕಟ್ಟಿದೆ. ಬೆಳಕು ಚೆನ್ನಾಗಿ ಬಂತು. ಆರು ಚಿತ್ರ ತೆಗೆದು, ಹಗ್ಗ ಬಿಚ್ಚದೆ ಮನೆಗೆ ಹೋದೆ. ಮರುದಿನವೂ ತೆಗೆಯುವ ಆಸೆ. ಮರುದಿನ ಗೂಡು ಬರಿದಾಗಿತ್ತು, ಪಕ್ಕದ ಬೇಲಿಯ ಮೇಲೆ ಕೆಂಬೂತ ಕುಳಿತಿತ್ತು. ಕೆಂಬೂತ ಮೊಟ್ಟೆ, ಮರಿಗಳನ್ನು ಹುಡುಕಿ ತಿನ್ನುವ ಹಕ್ಕಿ. ನನ್ನ ಮಸೂರಕ್ಕೆ ಬೆಳಕು ಬರಲೆಂದು ತೆರೆದ ಕಿಂಡಿಯಿಂದ ಅದಕ್ಕೂ ಗೂಡು ಕಂಡಿರಬೇಕು. ಆ ಆರು ಚಿತ್ರಗಳನ್ನು ನಾನು ಯಾರಿಗೂ ತೋರಿಸಿಲ್ಲ.

ಗೂಡನ್ನು ಮುಚ್ಚಿದ ಎಲೆಗಳು ಮರಿಗಳಿಗೆ ನೆರಳು, ಮಳೆಗೆ ಮರೆ, ಶತ್ರುವಿಗೆ ಪರದೆ. ಬೆಳಕಿನ ಕೊರತೆಯೇ ಅಲ್ಲಿ ರಕ್ಷಣೆ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥವಿವರಣೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಸೇರಿದೆ. ಬಂದೂಕಿಲ್ಲದೆಯೂ ಬೇಟೆಯಾಗಬಹುದು ಎಂದಾಯಿತು. ನಿಸರ್ಗ ಛಾಯಾಗ್ರಹಣದ ಹಲವು ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಐಎಸ್‌ಓ 4,000ದಲ್ಲೂ ಒಳ್ಳೆಯ ಚಿತ್ರ ಕೊಡುವ ಸಂವೇದಕ ಕೈಯಲ್ಲಿರುವಾಗ ಹಳೆಯ ಕಾರಣವೂ ಉಳಿದಿಲ್ಲ. ಗುಡವಿಯಲ್ಲಿ ಗೂಡುಗಳು ನೀರಿನ ನಡುವೆ ಬಹಿರಂಗವಾಗಿಯೇ ಇವೆಯಲ್ಲ ಎಂದರೆ, ಅಲ್ಲಿ ನಡುವಿನ ನೀರೇ ನಮ್ಮನ್ನು ದೂರವಿಡುತ್ತದೆ. ದಡದಿಂದ ಕಂಡಷ್ಟನ್ನು ತೆಗೆಯಬಹುದು.

ಅಂಜನಾಪುರದ ಶಿಕ್ಷಕರು ಆಮೇಲೆ ಮೂರು ಭಾನುವಾರ ಅದೇ ಪೊದೆಯ ಬಳಿ ಕಂಬಳಿ ಹೊದ್ದು ಕುಳಿತರಂತೆ. ಗೂಡಿನ ಕಾಲ ಮುಗಿದಿತ್ತು. ಮೊದಲ ವಾರ ಇರುವೆ ಕಚ್ಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮೂರನೆಯ ವಾರ ತೆಗೆದ ನಲವತ್ತರಲ್ಲಿ ಮೂರು ಚಿತ್ರ ಸ್ಪಷ್ಟವಾಗಿ ಬಂದವು: 300 ಮಿ.ಮೀ., ಎಫ್/5.6, 1/160 ಸೆಕೆಂಡು, ಐಎಸ್‌ಓ 5,000. ಬಾಲದ ತುದಿ ಒಂದು ಎಲೆಯ ಹಿಂದಿದೆ. ಅದರಲ್ಲೊಂದನ್ನು ಶಾಲೆಯ ಗೋಡೆಗೆ ಅಂಟಿಸಿ, ಹತ್ತನೆಯ ತರಗತಿಯವರಿಗೆ ಒಂದು ಲೆಕ್ಕ ಕೊಟ್ಟಿದ್ದಾರೆ. ಚಿತ್ರದಲ್ಲಿ ಹಕ್ಕಿಯ ಉದ್ದ 1,600 ಪಿಕ್ಸೆಲ್, ಪಿಕ್ಸೆಲ್ಲಿನ ಅಗಲ 4 ಮೈಕ್ರೊಮೀಟರ್, ಹಕ್ಕಿಯ ನಿಜವಾದ ಉದ್ದ 13 ಸೆಂ.ಮೀ. ಆಗ ಹಕ್ಕಿ ಮೇಷ್ಟ್ರಿಂದ ಎಷ್ಟು ದೂರದಲ್ಲಿತ್ತು? ಉತ್ತರ 6 ಮೀಟರಿನ ಆಸುಪಾಸಿಗೆ ಬರಬೇಕು.